ಪಹಣಿ ತಂತ್ರಾಂಶಕ್ಕೆ ಅಳತೆಗೋಲು

ಪ್ರಶ್ನೆ: ಶಿಕಾರಿಪುರ, ಸೊರಬದ ತಾಲ್ಲೂಕು ಕಚೇರಿಗಳಲ್ಲಿ ಪಹಣಿ ಕೊಡುವ ‘ಭೂಮಿ’ಯಂಥ ತಂತ್ರಾಂಶಕ್ಕೆ ಎಷ್ಟು ಶ್ರಮ ಹಿಡಿಯುತ್ತದೆಂದು ಮೊದಲೇ ಅಂದಾಜಿಸುವುದು ಹೇಗೆ?

ಉತ್ತರ: ಕೋಡಿನ ಸಾಲು ಎಣಿಸುವುದು ಹಳೆಯ ಪದ್ಧತಿ. ಆದರೆ ಬರೆಯುವ ಮೊದಲೇ ಸಾಲು ಎಲ್ಲಿಂದ ತರುವುದು? ಐಬಿಎಂನ ಅಲನ್ ಆಲ್ಬ್ರೆಕ್ಟ್ 1979ರಲ್ಲಿ ‘ಫಂಕ್ಷನ್ ಪಾಯಿಂಟ್’ ಮುಂದಿಟ್ಟರು. ಬಳಸುವವರಿಗೆ ಕಾಣುವ ಕೆಲಸಗಳನ್ನಷ್ಟೇ ಎಣಿಸಬೇಕು. ಮ್ಯುಟೇಶನ್ ಅರ್ಜಿ ದಾಖಲಿಸುವುದು ಇನ್‌ಪುಟ್. ಮಧ್ಯಮ ತೊಡಕಿನದಾದರೆ 4 ಅಂಕ. ಪಹಣಿ ಮುದ್ರಣಕ್ಕೆ 5, ಸರ್ವೆ ನಂಬರ್ ಕೊಟ್ಟು ಹುಡುಕುವುದಕ್ಕೆ 4, ಖಾತೆದಾರರ ಕಡತಕ್ಕೆ 10. ಇಷ್ಟಕ್ಕೇ 23 ಆಯಿತು. ಹಿಂದಿನ ಯೋಜನೆಗಳಲ್ಲಿ ತಂಡಕ್ಕೆ ಒಂದು ಅಂಕಕ್ಕೆ ತಗುಲಿದ ಗಂಟೆಗಳಿಂದ ಗುಣಿಸಿದರೆ ಶ್ರಮ ಸಿಗುತ್ತದೆ. ಸ್ವಂತ ಲೆಕ್ಕ ಇಡದ ತಂಡದ ಅಂದಾಜನ್ನು ನಾನಂತೂ ನಂಬಲಾರೆ.

ಆದರೆ ಬ್ಯಾರಿ ಬೋಮ್ 1981ರಲ್ಲಿ ಪ್ರಕಟಿಸಿದ ‘ಕೊಕೊಮೊ’ ಎಂಬ ಶ್ರಮ ಅಂದಾಜಿನ ಮಾದರಿಯ ಪ್ರಕಾರ, ಗಾತ್ರ ಇಮ್ಮಡಿಯಾದರೆ ಶ್ರಮ ಇಮ್ಮಡಿಗಿಂತ ಹೆಚ್ಚು. ಬಿಗಿ ನಿರ್ಬಂಧಗಳಿದ್ದರೆ ಸುಮಾರು 2.3 ಪಟ್ಟು.

ಭೂಮಿಯ ನಿಜವಾದ ಹೊರೆ ಬೇರೆಯೇ ಇತ್ತು: ರಾಜ್ಯದ ಸುಮಾರು 2 ಕೋಟಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೇರಿಸಿ ತಾಳೆ ನೋಡುವುದು. ಜಂಟಿ ಖಾತೆ, ಹಿಸ್ಸಾ, ಕೂಡಿದರೆ ಹೊಂದದ ಎಕರೆ-ಗುಂಟೆ... ಇವಾವುವೂ ಫಂಕ್ಷನ್ ಪಾಯಿಂಟಿಗೆ ಸಿಕ್ಕುವುದಿಲ್ಲ. ಇಂಥದ್ದಕ್ಕೆ ಮೊದಲು ಒಂದು ಹೋಬಳಿಯಲ್ಲಿ, ಆನವಟ್ಟಿಯಲ್ಲೋ ಶಿರಾಳಕೊಪ್ಪದಲ್ಲೋ, ಮಾಡಿ ನೋಡಿ, ದಿನಕ್ಕೆಷ್ಟು ಪಹಣಿ ಮುಗಿಯುತ್ತದೆಂದು ಅಳೆದು, ಅದರಿಂದಲೇ ಉಳಿದ ಹೋಬಳಿಗಳ ಲೆಕ್ಕ ಹಾಕಬೇಕು.