ಹುಳ ಹಿಡಿಯುವ ಹುಡುಗ ಮಾಡಿದ ಆಟ



ಪೋಕೆಮಾನ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಟಿ.ವಿ.ಯ ಕಾರ್ಟೂನು, ಅದರಲ್ಲಿ ಕೆನ್ನೆ ಕೆಂಪಗಿರುವ ಹಳದಿ ಪಿಕಾಚು. ನಮ್ಮ ದೇಶದಲ್ಲಿ ಆ ಕಾರ್ಟೂನು 2003ರಲ್ಲಿ ಶುರುವಾಯಿತು. 2016ರಲ್ಲಿ ಮೊಬೈಲ್ ಹಿಡಿದುಕೊಂಡು ರಸ್ತೆ ರಸ್ತೆ ತಿರುಗುವ ಪೋಕೆಮಾನ್ ಗೋ ಬಂತು. ಆದರೆ ಇವೆರಡೂ ಮರದ ಕೊಂಬೆಗಳು ಮಾತ್ರ. ಬೇರು ಇರುವುದು ಅಂಗೈಯಲ್ಲಿ ಹಿಡಿಯುವ ಒಂದು ಸಣ್ಣ ಆಟದಲ್ಲಿ. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಅದು ಕೆಂಪು, ಹಸಿರು ಎಂಬ ಎರಡು ಕ್ಯಾಸೆಟ್ಟುಗಳಾಗಿ ಅಂಗಡಿಗೆ ಬಂತು. 1998ರಲ್ಲಿ ಅಮೆರಿಕಕ್ಕೆ ಹೋದಾಗ ಕೆಂಪು ಮತ್ತು ನೀಲಿ ಆಯಿತು. ಮೂರು ಬಣ್ಣವೂ ಸೇರಿ 3 ಕೋಟಿಗೂ ಹೆಚ್ಚು ಕ್ಯಾಸೆಟ್ಟುಗಳು ಮಾರಾಟವಾದವು.

ಈ ಆಟ ಓಡುವ ಯಂತ್ರದ ಹೆಸರು ಗೇಮ್ ಬಾಯ್. ಜಾತ್ರೆಯಲ್ಲಿ ಸಿಗುತ್ತಿದ್ದ, ಇಟ್ಟಿಗೆ ಜೋಡಿಸುವ ಬ್ರಿಕ್ ಗೇಮಿನ ಶ್ರೀಮಂತ ಅಣ್ಣ ಅಂತ ತಿಳಿದುಕೊಳ್ಳಿ. 1989ರಲ್ಲಿ ನಿಂಟೆಂಡೊ ಕಂಪನಿ ಅದನ್ನು ಹೊರತಂದಿತು. ಮೊದಲಿನದ್ದಕ್ಕೆ ನಾಲ್ಕು ಪೆನ್ಸಿಲ್ ಸೆಲ್ ಬೇಕಿತ್ತು. ಬಣ್ಣವಿಲ್ಲ, ಬರೀ ನಾಲ್ಕು ಛಾಯೆ. ಪರದೆಯ ಹಿಂದೆ ಬೆಳಕೂ ಇಲ್ಲ. ಕರೆಂಟು ಹೋದಾಗಲೂ ಆಡಬಹುದು, ಆದರೆ ಕರೆಂಟು ಹೋದ ರಾತ್ರಿ ಆಡಲು ಆಗುವುದಿಲ್ಲ! ಕೆಂಪು ಕ್ಯಾಸೆಟ್ಟಿನೊಳಗೆ ಇರುವ ಇಡೀ ಲೋಕ, ಎಂದರೆ ಊರು, ಕಾಡು, ಗುಹೆ, ಸಂಗೀತ, ಮಾತು ಎಲ್ಲ ಸೇರಿ, ಕೇವಲ 1 ಮೆಗಾಬೈಟ್. ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ದೊಡ್ಡದಾಗಿರುತ್ತದೆ.

ಆಟ ಹೀಗೆ. ನೀವು ಒಬ್ಬ ಸಣ್ಣ ಹುಡುಗ. ನಿಮ್ಮ ಊರಿನಲ್ಲಿ ಒಬ್ಬ ಪ್ರೊಫೆಸರು ಇದ್ದಾರೆ. ಅವರಿಗೆ ಲೋಕದಲ್ಲಿರುವ ವಿಚಿತ್ರ ಜೀವಿಗಳ ಪೂರ್ತಿ ಪಟ್ಟಿ ಬೇಕು, ಆದರೆ ವಯಸ್ಸಾಗಿದೆ, ತಿರುಗಲು ಆಗುವುದಿಲ್ಲ. ಮೂರು ಜೀವಿಗಳಲ್ಲಿ ಒಂದನ್ನು ಆರಿಸಿಕೋ ಅಂದು, ಆಮೇಲೆ ನಿಮ್ಮ ಕೈಗೆ ಒಂದು ವಿದ್ಯುತ್ ಪುಸ್ತಕ ಕೊಡುತ್ತಾರೆ. ಬೆನ್ನ ಮೇಲೆ ಗಡ್ಡೆ ಹೊತ್ತ ಬಲ್ಬಸಾರ್, ಬಾಲದಲ್ಲಿ ಬೆಂಕಿ ಇರುವ ಚಾರ್ಮಾಂಡರ್, ಆಮೆಯಂಥ ಸ್ಕ್ವರ್ಟಲ್. ಹುಲ್ಲಿನಲ್ಲಿ ನಡೆದರೆ ಬೇರೆ ಬೇರೆ ಜೀವಿಗಳು ಎದುರಾಗುತ್ತವೆ. ನಿಮ್ಮ ಜೀವಿಯಿಂದ ಅವನ್ನು ಸ್ವಲ್ಪ ದಣಿಸಿ, ಚೆಂಡು ಎಸೆದು ಹಿಡಿಯಬೇಕು. ನೀರು ಬೆಂಕಿಯನ್ನು ಸೋಲಿಸುತ್ತದೆ, ಬೆಂಕಿ ಗಿಡವನ್ನು, ಗಿಡ ನೀರನ್ನು. ಹೀಗೆ 15 ಜಾತಿಗಳಿವೆ. ಯಾವುದಕ್ಕೆ ಯಾವುದು ಎದುರು ಅಂತ ಬಾಯಿಪಾಠ ಮಾಡಿದರೆ ಅರ್ಧ ಆಟ ಗೆದ್ದ ಹಾಗೆ. ನಮಗೆ ಮಗ್ಗಿ ಬಾಯಿಪಾಠ ಆಗದಿದ್ದರೂ ಇದು ಎರಡು ದಿನದಲ್ಲಿ ಆಗುತ್ತದೆ, ಯಾಕೆ ಅಂತ ಗಣಿತದ ಮಾಸ್ಟ್ರೇ ಹೇಳಬೇಕು.

ನಿಜ ಹೇಳಬೇಕೆಂದರೆ ಕತೆ ತೆಳು. ಗುಹೆಯೊಳಗೆ ನಾಲ್ಕು ಹೆಜ್ಜೆಗೊಮ್ಮೆ ಬಾವಲಿ ಬಂದು ತಲೆ ತಿನ್ನುತ್ತದೆ. ಲೆಕ್ಕದಲ್ಲಿಯೂ ತಪ್ಪುಗಳಿವೆ. ದೆವ್ವದ ಪೆಟ್ಟು ಮನಃಶಕ್ತಿಯ ಜೀವಿಗಳಿಗೆ ಜೋರಾಗಿ ತಾಗುತ್ತದೆ ಎಂದು ಆಟದೊಳಗೆ ಒಬ್ಬರು ಹೇಳುತ್ತಾರೆ, ಹೊಡೆದು ನೋಡಿದರೆ ತಾಗುವುದೇ ಇಲ್ಲ. ಹಾಗಾಗಿ ಆ ಜಾತಿಯವು ಯಾರಿಗೂ ಹೆದರುವುದಿಲ್ಲ. ಆದರೂ ಸುಮಾರು ಮೂವತ್ತು ವರ್ಷ ಹಳೆಯ ಈ ಆಟವನ್ನು ಇವತ್ತು ಕೈಗೆತ್ತಿಕೊಂಡರೆ ಕೆಳಗೆ ಇಡಲು ಮನಸ್ಸು ಬರುವುದಿಲ್ಲ. ಕಾರಣ ತಿಳಿಯಬೇಕಾದರೆ ಇದನ್ನು ಮಾಡಿದವರ ಬಗ್ಗೆ ತಿಳಿಯಬೇಕು.

ಅವರ ಹೆಸರು ಸತೋಶಿ ತಾಜಿರಿ. ಹುಟ್ಟಿದ್ದು 1965ರಲ್ಲಿ. ಬೆಳೆದದ್ದು ಟೋಕಿಯೋ ಪಕ್ಕದ ಮಾಚಿಡ ಎಂಬಲ್ಲಿ. ಆಗ ಅಲ್ಲಿ ಗದ್ದೆ, ಹೊಳೆ, ಕೆರೆ, ಕಾಡು ಎಲ್ಲ ಇತ್ತು. ಹುಡುಗನಿಗೆ ಹುಳ ಹಿಡಿಯುವ ಹುಚ್ಚು. ಜೊತೆಯ ಹುಡುಗರು ಅವನಿಗೆ 'ಹುಳದ ಡಾಕ್ಟರ್' ಅಂತಲೇ ಹೆಸರಿಟ್ಟಿದ್ದರು. ಬೇರೆಯವರು ದುಂಬಿ ಹಿಡಿಯಲು ಮರದ ತೊಗಟೆಗೆ ಜೇನು ಹಚ್ಚಿ ಕಾಯುತ್ತಿದ್ದರೆ, ಇವನು ಮರದ ಬುಡದಲ್ಲಿ ಒಂದು ಕಲ್ಲು ಇಟ್ಟು ಬರುತ್ತಿದ್ದ. ದುಂಬಿಗಳಿಗೆ ಹಗಲು ಕಲ್ಲಿನಡಿ ಮಲಗುವುದೆಂದರೆ ಇಷ್ಟ ಅಂತ ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಹೋಗಿ ಕಲ್ಲು ಎತ್ತಿದರೆ ಆಯಿತು, ದುಂಬಿ ಅಲ್ಲೇ ಇರುತ್ತಿತ್ತು. ನಮ್ಮಲ್ಲಿ ಬೆಂಕಿಪೆಟ್ಟಿಗೆಯೊಳಗೆ ಸೊಪ್ಪು ಹಾಕಿ ಜೀರುಂಡೆ ಸಾಕಿದವರಿಗೆ, ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ನೂಲು ಕಟ್ಟಿದವರಿಗೆ (ಪಾಪ, ಕಟ್ಟಬಾರದು), ಹೊಸ ನೀರಿಗೆ ಗದ್ದೆಗೆ ಹತ್ತಿ ಬರುವ ಮೀನು ಹಿಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಆಮೇಲೆ ಮಾಚಿಡದಲ್ಲಿ ಗದ್ದೆ ಹೋಗಿ ಮನೆಗಳು ಬಂದವು. ಮೀನು ಹಿಡಿಯುವ ಕೆರೆ ಇದ್ದ ಜಾಗದಲ್ಲಿ ವೀಡಿಯೋ ಆಟದ ಅಂಗಡಿ ಬಂತು. ಹುಳ ಇಲ್ಲದ ಹುಡುಗ ಆ ಅಂಗಡಿಗೆ ಹೋಗತೊಡಗಿದ.

ಇನ್ನೊಂದು ವಿಷಯ ನಮ್ಮ ಗೋಡೆ ಪತ್ರಿಕೆಯವರು ಕಿವಿಗೊಟ್ಟು ಕೇಳಬೇಕು. 1983ರಲ್ಲಿ, ಹದಿನೇಳು ಹದಿನೆಂಟರ ವಯಸ್ಸಿನಲ್ಲಿ, ತಾಜಿರಿ ಒಂದು ಪತ್ರಿಕೆ ಶುರು ಮಾಡಿದರು. ಹೆಸರು 'ಗೇಮ್ ಫ್ರೀಕ್'. ಕೈಬರಹದ ಪತ್ರಿಕೆ! ಕೈಯಲ್ಲಿ ಬರೆದು, ಝೆರಾಕ್ಸ್ ಮಾಡಿ, ಪಿನ್ನು ಹೊಡೆದು ಮಾರುತ್ತಿದ್ದರು. ಅದನ್ನು ಅಂಗಡಿಯಲ್ಲಿ ಕಂಡ ಕೆನ್ ಸುಗಿಮೊರಿ ಎಂಬ ಹುಡುಗ, ಚಿತ್ರ ನಾನು ಬರೆದು ಕೊಡುತ್ತೇನೆ ಎಂದು ಬಂದು ಸೇರಿದ. 1989ರಲ್ಲಿ ಆ ಪತ್ರಿಕೆಯೇ ಅದೇ ಹೆಸರಿನ ಕಂಪನಿ ಆಯಿತು. ಪೋಕೆಮಾನ್ ಜೀವಿಗಳಿಗೆ ರೂಪ ಕೊಟ್ಟವರಲ್ಲಿ ಮುಖ್ಯರು ಇದೇ ಸುಗಿಮೊರಿ. (ನಮ್ಮಲ್ಲಿ ಚಿತ್ರ ಬರೆಯುವವರು ಇಬ್ಬರೇ ಇದ್ದಾರೆ, ಅವರೂ ಪ್ರತಿ ಸಲ ಸೂರ್ಯೋದಯವನ್ನೇ ಬರೆಯುತ್ತಾರೆ.)

ಗೇಮ್ ಬಾಯ್‌ಗೆ ಒಂದು ವಯರು ಇತ್ತು. ಎರಡು ಯಂತ್ರಗಳನ್ನು ಜೋಡಿಸಿ ಇಬ್ಬರು ಎದುರು ಬದುರು ಆಡಲಿಕ್ಕೆ ಅಂತ ಮಾಡಿದ್ದು. ತಾಜಿರಿ ಆ ವಯರನ್ನು ನೋಡಿದಾಗ ಅವರಿಗೆ ಕಂಡದ್ದು ಬೇರೆ. ಅದರ ಮೇಲೆ ಒಂದು ಹುಳ ಹರಿದುಕೊಂಡು ಈ ಕಡೆಯಿಂದ ಆ ಕಡೆಗೆ ಹೋಗುವ ಹಾಗೆ. ಆ ಯೋಚನೆಯಿಂದ ಆಟ ಮುಗಿಯಲು ಸುಮಾರು ಆರು ವರ್ಷ ಹಿಡಿಯಿತು.

ಆಟದ ಜೀವಿಗಳಲ್ಲಿ ನಿಜವಾದ ಹುಳಹುಪ್ಪಟೆಗಳ ಗುರುತು ಹುಡುಕುವುದೇ ಒಂದು ಮಜ. ಕ್ಯಾಟರ್ಪಿ ಎಂಬ ಹಸಿರು ಕಂಬಳಿಹುಳ 7ನೇ ಹಂತದಲ್ಲಿ ಕೋಶ ಕಟ್ಟಿಕೊಂಡು ಸುಮ್ಮನೆ ಕೂರುತ್ತದೆ, 10ನೇ ಹಂತದಲ್ಲಿ ಚಿಟ್ಟೆಯಾಗುತ್ತದೆ. ಆಟದಲ್ಲಿ ಇದನ್ನು 'ವಿಕಾಸ' ಅನ್ನುತ್ತಾರೆ. ನಮ್ಮ ವಿಜ್ಞಾನ ಪುಸ್ತಕದ ಪ್ರಕಾರ ಇದು ವಿಕಾಸ ಅಲ್ಲ, ರೂಪಪರಿವರ್ತನೆ. ವಿಕಾಸಕ್ಕೆ ಅದೆಷ್ಟೋ ತಲೆಮಾರು ಬೇಕು, ಒಂದೇ ಹುಳಕ್ಕೆ ಅದು ಆಗುವುದಿಲ್ಲ. ಪರೀಕ್ಷೆಯಲ್ಲಿ ಯಾರೂ ಪೋಕೆಮಾನ್ ನಂಬಿ ಉತ್ತರ ಬರೆಯಬೇಡಿ. ಪ್ಯಾರಾಸ್ ಎಂಬ ಹುಳದ ಬೆನ್ನ ಮೇಲೆ ಅಣಬೆ ಬೆಳೆದು ಕೊನೆಗೆ ಅಣಬೆಯೇ ಹುಳವನ್ನು ಆಳುತ್ತದೆ. ಹುಳದ ಮೈಯಲ್ಲಿ ಬೆಳೆಯುವ ಶಿಲೀಂಧ್ರ ನಿಜವಾಗಿಯೂ ಇದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪೋಲಿವ್ಯಾಗ್. ಗುಂಡಗಿನ ಗೊದಮೊಟ್ಟೆ, ಹೊಟ್ಟೆಯ ಮೇಲೆ ಜಿಲೇಬಿಯ ಹಾಗೆ ಒಂದು ಸುರುಳಿ. ಅದು ಅಲಂಕಾರ ಅಂತ ಎಲ್ಲರೂ ತಿಳಿಯುತ್ತಾರೆ. ಅಲ್ಲ, ಅದು ಕರುಳು. ಗೊದಮೊಟ್ಟೆಯ ಚರ್ಮ ತೆಳ್ಳಗಿರುವುದರಿಂದ ಒಳಗಿನ ಕರುಳಿನ ಸುರುಳಿ ಹೊರಗೆ ಕಾಣುತ್ತದೆ. ತಾಜಿರಿ ಸಣ್ಣವರಿದ್ದಾಗ ಇದನ್ನು ನೋಡಿದ್ದರು. ಮಳೆಗಾಲದಲ್ಲಿ ಗದ್ದೆಯ ನೀರಿನಿಂದ ಒಂದು ಗೊದಮೊಟ್ಟೆಯನ್ನು ಗಾಜಿನ ಲೋಟಕ್ಕೆ ಹಾಕಿ, ಕೆಳಗಿನಿಂದ ಹೊಟ್ಟೆ ಕಾಣಿ. ಸುರುಳಿ ಕಾಣುತ್ತದೆ. ಮತ್ತೆ ಗದ್ದೆಗೇ ಬಿಡಿ.

ಈಗ ಆಟದ ಮುಖ್ಯ ಗುಟ್ಟಿಗೆ ಬರುತ್ತೇನೆ. ಪುಸ್ತಕದಲ್ಲಿ ತುಂಬಬೇಕಾದ ಜೀವಿಗಳು 150. (151ನೆಯದು ಮ್ಯೂ. ಆಟ ಮುಗಿದ ಮೇಲೆ ಉಳಿದ ಸುಮಾರು 300 ಬೈಟ್ ಜಾಗದಲ್ಲಿ ಶಿಗೆಕಿ ಮೊರಿಮೊಟೊ ಎಂಬುವರು ಗುಟ್ಟಾಗಿ ಸೇರಿಸಿದ್ದು. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.) ಎಷ್ಟು ಜಾಣರಾದರೂ ಒಂದೇ ಕ್ಯಾಸೆಟ್ಟಿನಲ್ಲಿ ಒಬ್ಬರೇ ಆಡಿ 150 ತುಂಬಲು ಸಾಧ್ಯವೇ ಇಲ್ಲ. ಲೆಕ್ಕ ನೋಡಿ. ಕೆಂಪು ಕ್ಯಾಸೆಟ್ಟಿನಲ್ಲಿ 11 ಜೀವಿಗಳು ಸಿಗುವುದಿಲ್ಲ, ಅವು ನೀಲಿಯಲ್ಲಿ ಮಾತ್ರ. ಹಾಗೆಯೇ ನೀಲಿಯಲ್ಲಿ ಇಲ್ಲದ 11 ಕೆಂಪಿನಲ್ಲಿವೆ. ಕತ್ತಿಯಂಥ ಕೈಯ ಸೈಥರ್ ಕೆಂಪಿಗೆ, ಕೊಂಬಿನ ದುಂಬಿ ಪಿನ್ಸರ್ ನೀಲಿಗೆ. ಮೊದಲ ಮೂರರಲ್ಲಿ ಒಂದನ್ನು ಆರಿಸಿದರೆ ಉಳಿದೆರಡು ಮತ್ತು ಅವುಗಳ ಮುಂದಿನ ರೂಪ ಸೇರಿ 6 ಹೋಯಿತು. ದಾರಿಯಲ್ಲಿ ಎರಡು ಪಳೆಯುಳಿಕೆಗಳಲ್ಲಿ ಒಂದನ್ನೇ ತೆಗೆದುಕೊಳ್ಳಬೇಕು, ಅಲ್ಲಿ 2 ಹೋಯಿತು. ಇಬ್ಬರು ಜಟ್ಟಿಗಳಲ್ಲಿ ಒಬ್ಬನೇ, 1 ಹೋಯಿತು. ಈವೀ ಎಂಬ ಪ್ರಾಣಿ ಮೂರು ರೀತಿಯಲ್ಲಿ ಬದಲಾಗಬಹುದು, ಆದರೆ ಸಿಗುವುದು ಒಂದೇ. 2 ಹೋಯಿತು. ಇನ್ನು 4 ಜೀವಿಗಳು ವಯರು ದಾಟಿ ಇನ್ನೊಬ್ಬರ ಯಂತ್ರಕ್ಕೆ ಹೋದಾಗ ಮಾತ್ರ ಕೊನೆಯ ರೂಪಕ್ಕೆ ಬರುತ್ತವೆ. ಒಟ್ಟು 26. 150ರಲ್ಲಿ 26 ಕಳೆದರೆ 124. ಒಬ್ಬಂಟಿಗೆ ಅಲ್ಲಿಗೆ ಬಾಗಿಲು ಹಾಕಿತು.

ಬೇಕಂತಲೇ ಹೀಗೆ ಮಾಡಿದ್ದು. ನಿನ್ನಲ್ಲಿ ಇಲ್ಲದ್ದು ಅವನಲ್ಲಿದೆ, ಅವನಲ್ಲಿ ಇಲ್ಲದ್ದು ನಿನ್ನಲ್ಲಿದೆ, ಹೋಗಿ ಕೇಳು. ಬಸ್ರೂರಿನವರಿಗೆ ಇದು ಹೊಸ ಪಾಠ ಅಲ್ಲ. ಪೋರ್ಚುಗೀಸರು ಬಾರ್ಸೆಲೋರ್ ಅಂತ ಕರೆಯುತ್ತಿದ್ದ ಈ ಊರಿನ ಅಕ್ಕಿ ಹೊಳೆ ದಾಟಿ, ಕಡಲು ದಾಟಿ ಹೋಗುತ್ತಿತ್ತಲ್ಲ.

ಹೀಗೆ ಬಂದ ಜೀವಿಯ ಸ್ವಭಾವವೂ ಬೇರೆ. ಅದು ಒಂದೂವರೆ ಪಟ್ಟು ಬೇಗ ಕಲಿಯುತ್ತದೆ. ಆದರೆ ನಿಮ್ಮ ಹತ್ತಿರ ಸಾಕಷ್ಟು ಬಿಲ್ಲೆಗಳು (ಒಂದೊಂದು ಊರಿನ ಪೈಲ್ವಾನರನ್ನು ಗೆದ್ದರೆ ಒಂದೊಂದು ಕೊಡುತ್ತಾರೆ) ಇಲ್ಲದಿದ್ದರೆ ದೊಡ್ಡದಾದ ಮೇಲೆ ಮಾತು ಕೇಳುವುದಿಲ್ಲ. ಹೊಡೆ ಅಂದರೆ ಮಲಗಿಬಿಡುತ್ತದೆ. ಮತ್ತೊಂದು, ಅದನ್ನು ಮೊದಲು ಹಿಡಿದವರ ಹೆಸರು ಅದರ ವಿವರದ ಪುಟದಲ್ಲಿ ಹಾಗೇ ಇರುತ್ತದೆ. ನೀವು ಎಷ್ಟು ವರ್ಷ ಸಾಕಿದರೂ ಆ ಹೆಸರು ಅಳಿಯುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡದ್ದು ನನ್ನ ಮಾವನ, ಅಂದರೆ ಅಮ್ಮನ ತಮ್ಮನ, ಕ್ಯಾಸೆಟ್ಟಿನಲ್ಲಿ. ನಮ್ಮ ಕಡೆಯ ಎಷ್ಟೋ ಜನರ ಹಾಗೆ ಮಾವನೂ ಸಣ್ಣ ಪ್ರಾಯದಲ್ಲಿ ಬೊಂಬಾಯಿಯ ಹೋಟೆಲಿಗೆ ಹೋದವರು. ಹೋಟೆಲಿಗೆ ಬರುತ್ತಿದ್ದ ಒಬ್ಬ ಗಿರಾಕಿ ತನ್ನ ಮಗ ಆಡಿ ಬಿಟ್ಟ ನೇರಳೆ ಬಣ್ಣದ ಗೇಮ್ ಬಾಯ್ ಕಲರನ್ನು, ಕೆಂಪು ಕ್ಯಾಸೆಟ್ಟಿನ ಸಮೇತ, ಕಡಿಮೆ ಬೆಲೆಗೆ ಕೊಟ್ಟರಂತೆ. ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯರೊಬ್ಬರು ಹಟಕ್ಕೆ ಬಿದ್ದು ಹಳೆ ಸಾಮಾನಿನ ಅಂಗಡಿ ಹುಡುಕಿ ನೀಲಿಯದ್ದನ್ನು ತಂದರು. ರಾತ್ರಿ ಹೋಟೆಲು ಮುಚ್ಚಿ, ನೆಲ ತೊಳೆದು, ದೀಪದ ಕೆಳಗೆ ಕೂತು ಇಬ್ಬರೂ ವಯರು ಜೋಡಿಸುತ್ತಿದ್ದರಂತೆ. ಮಾವನ ಪುಸ್ತಕದಲ್ಲಿ ಈಗ ಇರುವ ಸಂಖ್ಯೆ 139. ಮೇಲಿನ ಲೆಕ್ಕ ಹಾಕಿದರೆ ಕಡೇಪಕ್ಷ 15 ಆ ಗೆಳೆಯರಿಂದ ಬಂದದ್ದೇ ಇರಬೇಕು. ಹೌದು, ಪಿನ್ಸರ್‌ನ ಪುಟ ತೆಗೆದರೆ ಅವರ ಹೆಸರಿದೆ. ಏಳು ಅಕ್ಷರಕ್ಕಿಂತ ಹೆಚ್ಚು ಹಿಡಿಯದ್ದರಿಂದ ಹೆಸರಿನ ಬಾಲ ತುಂಡಾಗಿದೆ.

ಉಳಿದ 11 ಯಾಕೆ ತುಂಬಲಿಲ್ಲ ಎಂದು ಕೇಳಿದೆ. ಗೆಳೆಯರು ಕೆಲಸ ಬಿಟ್ಟು ಬೇರೆ ಊರಿಗೆ ಹೋದರಂತೆ. ಆಗ ಇಬ್ಬರ ಹತ್ತಿರವೂ ಫೋನ್ ಇರಲಿಲ್ಲ.

ಒಂದು ಕ್ಯಾಸೆಟ್ಟಿನಲ್ಲಿ ಒಂದೇ ಆಟವನ್ನು ಉಳಿಸಬಹುದು. ನಾನು ಹೊಸದಾಗಿ ಆಡಿ ಉಳಿಸಿದರೆ ಮಾವನದ್ದು ಅಳಿಸಿಹೋಗುತ್ತದೆ. ಅದಕ್ಕೆ ರಜೆಯಲ್ಲಿ ಕಿಟಕಿ ಹತ್ತಿರ ಕೂತು ಉಳಿಸದೆಯೇ ಆಡಿದೆ. ದಿನಾ ಪ್ರೊಫೆಸರರ ಮನೆಯಿಂದ ಶುರು, ಸಂಜೆ ಬೆಳಕು ಹೋಗುವಾಗ ಎಲ್ಲ ಶೂನ್ಯ.

ಆದರೆ ಕ್ಯಾಸೆಟ್ಟಿಗೆ ನನಗಿಂತ ದೊಡ್ಡ ಅಪಾಯ ಅದರೊಳಗೇ ಇದೆ. ಆಟದ ಲೋಕ ಇರುವ ಚಿಪ್ಪಿಗೆ ವಿದ್ಯುತ್ ಇಲ್ಲದಿದ್ದರೂ ನಡೆಯುತ್ತದೆ. ಆದರೆ ನಾವು ಹಿಡಿದ ಜೀವಿಗಳು, ಹೆಸರುಗಳು ಎಲ್ಲ ಇರುವುದು 32 ಕಿಲೋಬೈಟಿನ ಇನ್ನೊಂದು ಚಿಪ್ಪಿನಲ್ಲಿ. ಅದಕ್ಕೆ ಹಗಲು ರಾತ್ರಿ ಸ್ವಲ್ಪ ವಿದ್ಯುತ್ ಬೇಕು. ಅದನ್ನು ಕೊಡಲು ಒಳಗೆ ಕೈಗಡಿಯಾರದ್ದರಂಥ ಒಂದು ಬಟನ್ ಸೆಲ್ಲನ್ನು ಬೆಸುಗೆ ಹಾಕಿ ಕೂರಿಸಿದ್ದಾರೆ. ಆ ಕಾಲದ ಎಷ್ಟೋ ಕ್ಯಾಸೆಟ್ಟುಗಳ ಸೆಲ್ಲು ಈಗಾಗಲೇ ಸತ್ತಿದೆ. ಸತ್ತ ದಿನ ಆಟ ಹಾಳಾಗುವುದಿಲ್ಲ, ನೆನಪು ಮಾತ್ರ ಹೋಗುತ್ತದೆ. ಸುಮ್ಮನೆ ಸೆಲ್ಲು ಕಿತ್ತು ಹೊಸತು ಹಾಕಿದರೂ ಅಷ್ಟೇ, ಕಿತ್ತ ಕ್ಷಣಕ್ಕೆ ಎಲ್ಲ ಹೋಗುತ್ತದೆ.

ಉಪಾಯ ಇದೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಸಣ್ಣ ಸಾಧನ ಸಿಗುತ್ತದೆ. ಮೊದಲು ಆ 32 ಕಿಲೋಬೈಟನ್ನು ಅದರಿಂದ ನಕಲು ತೆಗೆದು ಇಟ್ಟುಕೊಳ್ಳಬೇಕು, ಆಮೇಲೆ ಹಳೆ ಸೆಲ್ಲು ಬಿಡಿಸಿ ಹೊಸತನ್ನು ಬೆಸೆಯಬೇಕು, ಕೊನೆಗೆ ನಕಲನ್ನು ಮತ್ತೆ ಒಳಗೆ ತುಂಬಬೇಕು. ಮಾವನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ಆಟ ಹೋದ್ರೆ ಹೋಯ್ಲಿ ಮಾರಾಯ, ಅವ್ನ್ ಹೆಸ್ರ್ ಹೋಪುಕಾಗ" ಅಂದರು.

ಸಾಧನಕ್ಕೆ ದುಡ್ಡು ಮಾವ ಕೊಡುತ್ತಾರೆ. ಬೆಸುಗೆ ಕುಂದಾಪುರದಲ್ಲಿ ಆಗುತ್ತದೆ. ಈಗ ಬೇಕಾದದ್ದು ನೀಲಿ ಕ್ಯಾಸೆಟ್ಟು ಮತ್ತು ವಯರು. ನಿಮ್ಮ ಮನೆಯ ಅಟ್ಟದಲ್ಲೋ, ಬೊಂಬಾಯಿ ಅಥವಾ ದುಬೈಯಿಂದ ಬಂದ ಹಳೆ ಪೆಟ್ಟಿಗೆಯಲ್ಲೋ ಇದ್ದರೆ ತಂದು ತೋರಿಸಿ. ಬದಲಿಗೆ ಸೈಥರ್ ಕೊಡುತ್ತೇವೆ.