ಬಿಲ್ಲೆ ಸರಿಸುವ ಒಗಟು: ಕ್ರಮ ಮತ್ತು ಪೂರ್ವಚರಿತ್ರೆ

ಅಂತರಜಾಲದ ಮೂಲಕ ಸಾವಿರಾರು ಜನರು ಏಕಕಾಲದಲ್ಲಿ ಆಡುವ ಆಟಗಳಲ್ಲಿ, 2001ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ 'ರೂನ್‌ಸ್ಕೇಪ್' ಒಂದು. 2004ರಲ್ಲಿ ಅದಕ್ಕೆ ನಿಧಿಶೋಧನೆಯ ಭಾಗವೊಂದು ಸೇರಿತು. ಅದರ ಕಠಿಣ ಮಟ್ಟಗಳಲ್ಲಿ ಆಟಗಾರನಿಗೆ ಕೆಲವೊಮ್ಮೆ ಒಂದು ಒಗಟಿನ ಪೆಟ್ಟಿಗೆ ದೊರೆಯುತ್ತದೆ. ಅದನ್ನು ಬಿಡಿಸಿದ ಹೊರತು ಶೋಧವು ಮುಂದುವರಿಯದು. ಚರಿತ್ರೆಯ ಅಭ್ಯಾಸಿಗಳಾದ ನಮಗೆ ಇದರಲ್ಲಿ ಆಸಕ್ತಿಯುಂಟಾದುದು, ಈ ಪೆಟ್ಟಿಗೆಯು 1880ರ ಸುಪ್ರಸಿದ್ಧ ಒಗಟೊಂದರ ಸಂತತಿಯಾದುದರಿಂದ.

ಐದು ಸಾಲು, ಸಾಲಿಗೆ ಐದು ಮನೆ. ಚಿತ್ರವೊಂದರ ತುಣುಕುಗಳಾದ 24 ಬಿಲ್ಲೆಗಳು. ಒಂದು ಮನೆ ಬರಿದು. ಬರಿದು ಮನೆಗೆ ತಗುಲಿದ ಬಿಲ್ಲೆಯನ್ನು ಮಾತ್ರ ಅದರೊಳಕ್ಕೆ ಸರಿಸಬಹುದು. ಹೊಸಬರು ಮೊದಲ ಸಾಲಿನ ನಾಲ್ಕು ಬಿಲ್ಲೆಗಳನ್ನು ಅನಾಯಾಸವಾಗಿ ಕೂಡಿಸಿ, ಐದನೆಯದರ ಬಳಿ ಸೋಲುತ್ತಾರೆ. ಅದನ್ನು ತರಲು ಹೋದರೆ ಕೂಡಿಸಿದುದು ಕೆಡುತ್ತದೆ. ಉಪಾಯವಿಷ್ಟೆ: ಮೂರನ್ನು ಕೂಡಿಸಿದ ಮೇಲೆ ನಾಲ್ಕನೆಯ ಬಿಲ್ಲೆಯನ್ನು ಐದನೆಯದರ ಮೂಲೆಯಲ್ಲಿಯೂ, ಐದನೆಯದನ್ನು ಅದರ ಕೆಳಗಣ ಮನೆಯಲ್ಲಿಯೂ ಇರಿಸಿ, ನಾಲ್ಕನೆಯ ಮನೆಯನ್ನು ಬರಿದಾಗಿಸಬೇಕು. ಒಂದನ್ನು ಎಡಕ್ಕೆ, ಮತ್ತೊಂದನ್ನು ಮೇಲಕ್ಕೆ ಸರಿಸಿದರೆ ಸಾಲು ಪೂರ್ಣ. ಮೂರು ಸಾಲುಗಳು ಹೀಗೆ ಮುಗಿಯುತ್ತವೆ. ಕೆಳಗಣ ಎರಡನ್ನು ಸಾಲಾಗಿ ಬಿಡಿಸಲೆತ್ನಿಸಬಾರದು. ಎಡದಿಂದ ಒಂದೊಂದು ಕಂಬವಾಗಿ, ಇದೇ ಉಪಾಯದಿಂದ ಕೂಡಿಸುತ್ತ ಬರಬೇಕು. ಉಳಿದ ನಾಲ್ಕು ಮನೆಗಳ ಮೂರು ಬಿಲ್ಲೆಗಳನ್ನು ಸುತ್ತ ತಿರುಗಿಸಿದರೆ ಸಾಕು.

ಮೂಲ ಒಗಟಿನಲ್ಲಿದ್ದುದು 15 ಬಿಲ್ಲೆಗಳು. 1870ರ ದಶಕದಲ್ಲಿ ಅದನ್ನು ಕಲ್ಪಿಸಿದವನು ನ್ಯೂಯಾರ್ಕ್ ಸಂಸ್ಥಾನದ ಕ್ಯಾನಸ್ಟೋಟದ ಪೋಸ್ಟ್‌ಮಾಸ್ಟರ್ ನಾಯ್ಸ್ ಚಾಪ್ಮನ್. ಆದರೆ ಒಗಟುಗಾರನೆಂದು ಹೆಸರಾಂತ ಸ್ಯಾಮ್ ಲಾಯ್ಡ್ 1891ರಿಂದ ಮೊದಲ್ಗೊಂಡು ಅದು ತನ್ನದೆಂದು ಸಾರಿದನು. ಆ ಮಾತನ್ನೇ ಬಹುಕಾಲ ಪುಸ್ತಕಗಳು ಪುಸ್ತಕಗಳಿಂದ ಎತ್ತಿಕೊಂಡುವು. 2006ರಲ್ಲಿ ಸ್ಲೋಕಮ್ ಮತ್ತು ಸಾನವೆಲ್ಡ್ ಎಂಬಿಬ್ಬರು ಆ ಕಾಲದ ಆಧಾರಗಳನ್ನೇ ಪರಿಶೀಲಿಸಿ ಚಾಪ್ಮನ್ನನ ಹಕ್ಕನ್ನು ಸ್ಥಾಪಿಸಿದರು. ಪ್ರಸಿದ್ಧನೊಬ್ಬನ ಸ್ವಂತ ಹೇಳಿಕೆಯನ್ನು ಆಧಾರವೆಂದು ಅಂಗೀಕರಿಸುವ ಅಭ್ಯಾಸ ನಮ್ಮ ಶಾಸ್ತ್ರದಲ್ಲಿಯೂ ಅಪರೂಪವಲ್ಲ.

14 ಮತ್ತು 15ನೆಯ ಬಿಲ್ಲೆಗಳನ್ನು ಮಾತ್ರ ಅದಲುಬದಲಾಗಿಸಿದವರಿಗೆ ಲಾಯ್ಡ್ ಸಾವಿರ ಡಾಲರುಗಳ ಬಹುಮಾನವನ್ನೂ ಸಾರಿದ್ದನು. ಕೊಡಬೇಕಾದೀತೆಂಬ ಭಯ ಅವನಿಗಿರಲಿಲ್ಲ. ಅದು ಅಸಾಧ್ಯವೆಂಬುದನ್ನು ಜಾನ್ಸನ್ ಮತ್ತು ಸ್ಟೋರಿ ಅಮೆರಿಕದ ಗಣಿತ ಪತ್ರಿಕೆಯ 1879ರ ಸಂಪುಟದಲ್ಲಿಯೇ ತೋರಿಸಿದ್ದರು. ಬರಿದು ಮನೆಯು ಹೊರಟ ಮೂಲೆಗೇ ಮರಳಬೇಕಾದರೆ ಎಡಕ್ಕೆ ಹೋದಷ್ಟೇ ಬಲಕ್ಕೂ, ಮೇಲೇರಿದಷ್ಟೇ ಕೆಳಕ್ಕೂ ಬರಬೇಕು. ಆದುದರಿಂದ ನಡೆಗಳ ಸಂಖ್ಯೆ ಸಮವೇ ಆಗಿರುತ್ತದೆ. ಪ್ರತಿ ನಡೆಯೂ ಒಂದು ವಿನಿಮಯ. ಎರಡೇ ಬಿಲ್ಲೆಗಳ ಅದಲುಬದಲಿಗಾದರೋ ಬೆಸ ಸಂಖ್ಯೆಯ ವಿನಿಮಯಗಳು ಬೇಕು.

ಆಟಗಾರನಿಗೆ ಈ ತತ್ತ್ವದಿಂದ ಪ್ರತ್ಯಕ್ಷ ಪ್ರಯೋಜನವುಂಟು. ಕೊನೆಯಲ್ಲಿ ಎರಡು ಬಿಲ್ಲೆಗಳು ಪರಸ್ಪರ ತಪ್ಪಿದ ಸ್ಥಾನದಲ್ಲಿ ನಿಂತು, ಎಷ್ಟು ತಿರುಗಿಸಿದರೂ ಕೂಡದಿದ್ದಲ್ಲಿ, ದೋಷವಿರುವುದು ಅಲ್ಲಲ್ಲ. ಮೇಲಣ ಸಾಲುಗಳಲ್ಲಿ, ಒಂದೇ ಬಣ್ಣದ ಎರಡು ತುಣುಕುಗಳು ಒಂದರ ಮನೆಯಲ್ಲಿ ಮತ್ತೊಂದು ಕುಳಿತಿರುತ್ತವೆ. ಪೂರ್ಣಚಿತ್ರವನ್ನು ತೆರೆದು ಅವುಗಳನ್ನು ಹುಡುಕಬೇಕು.