ಮಂಗನ ಕಾಯಿಲೆ ಮತ್ತು ಸಂಶೋಧನೆಯ ಸರದಿ

ಬೊಕ್ಕಸದ ಹಣ ಮಿತವಾದದ್ದು, ರೋಗಗಳೋ ಅನೇಕ. ಹೀಗಿರುವಾಗ ಯಾವ ರೋಗದ ಸಂಶೋಧನೆಗೆ ಮೊದಲು ಹಣವೊದಗಿಸಬೇಕು? ರೋಗಿಗಳ ಸಂಖ್ಯೆಯೊಂದನ್ನೇ ಅಳತೆಗೋಲಾಗಿ ಹಿಡಿದರೆ ಮಂಗನ ಕಾಯಿಲೆಯು ಸರದಿಯ ಕೊನೆಗೆ ಬೀಳುತ್ತದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ವೈರಸ್ ರೋಗವು ಉಣ್ಣಿಗಳ ಕಡಿತದಿಂದ ಮನುಷ್ಯರಿಗೆ ತಗಲುತ್ತದೆ. ಮಂಗಗಳೂ ಇದರಿಂದ ಸಾಯುವುದರಿಂದ ಈ ಹೆಸರು ಬಂದಿದೆ. 1983ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಅದು ಉಗ್ರರೂಪ ತಾಳಿತು. ನೂರು ರೋಗಿಗಳಲ್ಲಿ 3ರಿಂದ 5 ಮಂದಿ ಸಾಯುವುದುಂಟು. ಇದಕ್ಕೆಂದೇ ಬೇರೆ ಮದ್ದಿಲ್ಲ. 1990ರಿಂದ ಕೊಡುತ್ತಿದ್ದ ಲಸಿಕೆಯ ರಕ್ಷಣೆ ಸಾಲದೆಂದು ಕಂಡುಬಂದು, 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ಆದುದರಿಂದ ಸಂಖ್ಯೆಯೊಡನೆ ಇನ್ನೂ ಮೂರು ಪ್ರಶ್ನೆಗಳನ್ನು ಕೇಳಬೇಕು. ರೋಗವೆಷ್ಟು ಮಾರಕ? ಸಂಶೋಧನೆ ಫಲ ಕೊಟ್ಟೀತೆ? ನಾವು ಮಾಡದಿದ್ದರೆ ಬೇರೆಯವರು ಮಾಡುವರೆ? ಕೊನೆಯದೇ ಇಲ್ಲಿ ನಿರ್ಣಾಯಕ. ಮಧುಮೇಹದ ಔಷಧಕ್ಕೆ ಜಗತ್ತೆಲ್ಲವೂ ಮಾರುಕಟ್ಟೆ. ಅದನ್ನು ಹುಡುಕಲು ಕಂಪೆನಿಗಳು ತಾವಾಗಿಯೇ ಮುಂದೆ ಬರುತ್ತವೆ. ಘಟ್ಟದ ತಪ್ಪಲಿನಲ್ಲಿ ಸೊಪ್ಪು ಸೌದೆಗೆಂದು ಕಾಡು ಹೊಕ್ಕವರ ಜ್ವರಕ್ಕೆ ಅಂತಹ ಮಾರುಕಟ್ಟೆಯೆಲ್ಲಿದೆ? ಅವರಿಗೆ ಸಾರ್ವಜನಿಕ ಹಣವೇ ದಿಕ್ಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೊಸ ಲಸಿಕೆಯ ಕೆಲಸಕ್ಕೆ ಕೈಹಾಕಿರುವುದು ಆ ಕಾರಣದಿಂದಲೇ ಉಚಿತವಾಗಿದೆ.